ಕಾಟಾ ಒಂದ ಐತಿ, ಟ್ರ್ಯಾಕ್ಟರ್ ನೂರು

ಬೆಳಗಾವಿ, ಬಾಗಲಕೋಟಿ ಕಡೆ ಕಬ್ಬಿನ ಹಂಗಾಮ ಬಂತಂದ್ರ ಸಕ್ಕರಿ ಕಾರ್ಖಾನೆ ಯಾರ್ಡಿನ್ಯಾಗ ಟ್ರ್ಯಾಕ್ಟರಿಗೆ ಪಾಳಿ ಟೋಕನ್ ಕೊಡೋ ಸಾಫ್ಟ್‌ವೇರಿಗೂ ಹಂಗಾಮ. ಬರೆಯೋ ಹುಡುಗರನ್ನ ಕೇಳ್ರಿ, "ನೋಡ್‌ದಾಗ ಬರದೀವ್ರಿ, ಎಲ್ಲಾ ಅಸಿಂಕ್ ಐತಿ, ಎಷ್ಟ ಲೋಡ್ ಬಂದ್ರೂ ತಡೀತೈತಿ" ಅಂತಾರ. (ನೋಡ್ ಅಂದ್ರ ಸರ್ವರಿನ್ಯಾಗ ಜಾವಾಸ್ಕ್ರಿಪ್ಟ್ ಓಡಸೋ ಸಾಧನ; ಅಸಿಂಕ್ ಅಂದ್ರ ಒಂದು ಕೆಲಸ ಮುಗಿಯೂತನಕ ಕಾಯದ ಮುಂದಿನದಕ್ಕ ಹೋಗೋ ಪದ್ಧತಿ.) ಎಲ್ಲಿ ತಡೀತೈತ್ರಿ? ಅಸಿಂಕ್ ಯಾವ ಕೆಲಸಾನೂ ಜಲ್ದಿ ಮಾಡೂದಿಲ್ಲ. ಕಾಯೋ ಹೊತ್ತಿನ್ಯಾಗ ಇನ್ನೊಬ್ಬರ ಕೆಲಸ ಮಾಡತೈತಿ, ಅಷ್ಟ.

ಲೆಕ್ಕಾ ಹಾಕಿ ನೋಡ್ರಿ. ಒಂದು ರಿಕ್ವೆಸ್ಟಿಗೆ 5 ಮಿಲಿಸೆಕೆಂಡ್ ಸಿಪಿಯು ಕೆಲಸ, 95 ಮಿಲಿಸೆಕೆಂಡ್ ಡೇಟಾಬೇಸಿಗೆ ಕಾಯೋದು. ಕಾಯ್ಕೊಂತ ಕೂಡೋ ಒಂದು ಥ್ರೆಡ್ (ಪ್ರೋಗ್ರಾಮಿನ ಒಬ್ಬ ಕೆಲಸಗಾರ ಇದ್ದಂಗ) ಸೆಕೆಂಡಿಗೆ 10 ಮುಗಸತೈತಿ. ಅದ ಕೆಲಸ ಇವೆಂಟ್ ಲೂಪಿಗೆ, ಅಂದ್ರ ಒಂದ ಥ್ರೆಡ್ಡಿನ್ಯಾಗ ಎಲ್ಲಾರ ಕೆಲಸ ಸರದಿ ಮ್ಯಾಲ ನಡಸೋ ಚಕ್ರಕ್ಕ, ಕೊಟ್ರ 200ರ ತನಕ ಹೋಗಬಹುದು. ಆದ್ರ ಸಿಪಿಯು ಕೆಲಸಾನ 50 ಮಿಲಿಸೆಕೆಂಡ್ ಆತಂದ್ರ, ಏನ ಅಸಿಂಕ್ ಅಂದ್ರೂ 20ರ ಮ್ಯಾಲೆ ಏರೂದಿಲ್ಲ. ಲೂಪ್ ಅಂದ್ರ ತೂಕದ ಕಾಟಾ ಇದ್ದಂಗ. ಟೈರ್ ಪಂಕ್ಚರ್ ಆದ ಟ್ರ್ಯಾಕ್ಟರ್ ಅದರ ಮ್ಯಾಲ ನಿಂತ್ರ ಹಿಂದಿನ ಪಾಳಿ ಪೂರಾ ಅಲ್ಲೇ.

ಆ ಪಂಕ್ಚರ್ ಬಹಳ ಸಲ ಲಾಗಿನ್ನಿನ್ಯಾಗ ಇರತೈತಿ. ಪಾಸ್‌ವರ್ಡ್ ತಾಳೆ ನೋಡಾಕ ಬಿಕ್ರಿಪ್ಟ್ (ಪಾಸ್‌ವರ್ಡನ್ನ ಬೇಕಂತನ ನಿಧಾನ ಹ್ಯಾಶ್ ಮಾಡೋ, ಅಂದ್ರ ತಿರುಗಿ ಬಿಡಸಾಕ ಬರದ ಗುರುತು ಮಾಡೋ ಲೈಬ್ರರಿ) ಕಂಪೇರ್‌ಸಿಂಕ್ ಹಾಕಿದ್ರ, ಒಂದಕ್ಕ 250 ಮಿಲಿಸೆಕೆಂಡ್ ಹಿಡಿಯೂದಾದ್ರ, 20 ಮಂದಿ ಒಮ್ಮೆ ಬಂದಾಗ ಕಡೀಯವಗ 5 ಸೆಕೆಂಡ್. ಲಾಗಿನ್ ಮಾಡದ, ಸುಮ್ನ ಪೇಜ್ ತಗದವರೂ ಅದ ಪಾಳಿಯೊಳಗ ಸಿಕ್ಕೊಂತಾರ. ಸಿಂಕ್ ತಗದು ಅಸಿಂಕ್ ಕಂಪೇರ್ ಹಾಕಿದ್ರ ಲೂಪ್ ಬಿಡುಗಡೆ ಆಗತೈತಿ ಖರೆ, ಕೆಲಸ ಮಾತ್ರ ನೋಡ್ ಒಳಗಿನ ಲಿಬ್‌ಯುವಿ ಲೈಬ್ರರಿಯ ಥ್ರೆಡ್ ಪೂಲಿಗೆ (ಥ್ರೆಡ್ಡುಗಳ ಗುಂಪಿಗೆ) ಹೋಗತೈತಿ. ಅಲ್ಲಿ ಮೊದಲಿಂದ ಇರೋವು 4 ಥ್ರೆಡ್. ಫೈಲ್ ಓದೋದು, ಡಿಎನ್ಎಸ್ ಲುಕಪ್ (ವೆಬ್‌ಸೈಟ್ ಹೆಸರಿನಿಂದ ಐಪಿ ವಿಳಾಸ ಹುಡುಕೋದು) ಸೈತ ಅವ ನಾಕರಾಗ. ಅದಕ್ಕ ಲಾಗಿನ್ ಗದ್ದಲದಾಗ ಸಂಬಂಧನ ಇಲ್ಲದ ಫೈಲ್ ಡೌನ್‌ಲೋಡ್ ಮಂದ ಆಗತೈತಿ, ಹುಡುಗರು ಡಿಸ್ಕ್ ಮ್ಯಾಲ ತಪ್ಪು ಹೊರಸ್ತಾರ. ಪೂಲ್ ಹೆಚ್ಚ ಮಾಡಬಹುದು, ಆದ್ರ ಹ್ಯಾಶಿಂಗಿಗೆ ಸಿಪಿಯು ಕೋರ್ ಎಷ್ಟ ಅದಾವೋ ಅಷ್ಟ ದಮ್ಮು.

ಪೈಥಾನಿನ ಮಂದಿನೂ ನಗಬ್ಯಾಡ್ರಿ. ಫಾಸ್ಟ್‌ಎಪಿಐದಾಗ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಅಸಿಂಕ್ ಡೆಫ್ ಫಂಕ್ಷನ್ ಒಳಗ, ಉತ್ತರ ಬರೂತನಕ ಥ್ರೆಡ್ ತಡದು ನಿಲ್ಲಸೋ ರಿಕ್ವೆಸ್ಟ್ಸ್ ಲೈಬ್ರರಿ ಕರದ್ರ ಇದ ಹಣೇಬರಹ. ಅದಕ್ಕಿಂತ ಬರೇ ಡೆಫ್ ಬರೀರಿ, ಅದು ಬ್ಯಾರೆ ಥ್ರೆಡ್ಡಿನ್ಯಾಗ ಓಡತೈತಿ.

"ಒಂದ ಥ್ರೆಡ್ ಐತಿ, ಹಂಗಾಗಿ ರೇಸ್ ಆಗೂದಿಲ್ಲ" ಅನ್ನೋದು, ಅಂದ್ರ ಎರಡು ಕೆಲಸ ಒಂದ ಡೇಟಾದ ಮ್ಯಾಲ ಒಮ್ಮೆ ಬಿದ್ದು ಕೆಡಸೂದಿಲ್ಲ ಅನ್ನೋದು, ಎಲ್ಲಾದಕ್ಕಿಂತ ದೊಡ್ಡ ಸುಳ್ಳು. ಟೋಕನ್ ಕೋಡ್ ತಗೋರಿ: ಕಡೀ ನಂಬರ್ ಓದು, ಅವೇಟ್ (ಉತ್ತರ ಬರೂತನಕ ಲೂಪ್ ಬಿಟ್ಟುಕೊಟ್ಟು ಕಾಯಿ), ಒಂದು ಕೂಡಸು, ಬರಿ, ಅವೇಟ್. ಮೊದಲ ಟ್ರ್ಯಾಕ್ಟರ್ 417 ಓದಿ ಅವೇಟ್‌ದಾಗ ನಿಂತೈತಿ, ಆ ಸಂದಿನ್ಯಾಗ ಎರಡನೇದೂ ಬಂದು 417 ಓದತೈತಿ. ಇಬ್ಬರಿಗೂ 418. ಮುಂದ ಯಾರ್ಡಿನ್ಯಾಗ ಏನ ಜಗಳ ಆಗತೈತಿ ಅನ್ನೋದನ್ನ ನಾ ಬರಿಯೂದ ಬ್ಯಾಡ. ಅವೇಟ್ ಇದ್ದಲ್ಲೆಲ್ಲಾ ಬಾಗಲಾ ತಗದಂಗನ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದ್ರ ಒಂದ ಅಪ್‌ಡೇಟ್‌ದಾಗ ಕೂಡಸಿ, ರಿಟರ್ನಿಂಗ್ ಹಚ್ಚಿ ಹೊಸ ನಂಬರ್ ಈಸ್ಕೋರಿ, ಮುಗೀತು.

ಇನ್ನ ಕನೆಕ್ಷನ್ ಪೂಲ್, ಅಂದ್ರ ಡೇಟಾಬೇಸಿಗೆ ತಗದಿಟ್ಟ ಕನೆಕ್ಷನ್ನುಗಳ ಗುಂಪು. ನೋಡ್-ಪೋಸ್ಟ್‌ಗ್ರೆಸ್ ಲೈಬ್ರರಿ ನಿಮಗ ಕೇಳದನ 10 ಕನೆಕ್ಷನ್ ಕೊಡತೈತಿ. ಕ್ವೆರಿ 50 ಮಿಲಿಸೆಕೆಂಡ್ ಆದ್ರ ಸೆಕೆಂಡಿಗೆ 200 ಕ್ವೆರಿ. ಇಂಡೆಕ್ಸ್ ಹಾಕೂದು ಮರತು 500 ಆದ್ರ ಬರೇ 20. ಟ್ರಾನ್ಸಾಕ್ಷನ್ನಿಗೆ (ಆದ್ರ ಎಲ್ಲಾ ಆಗಬೇಕು, ಇಲ್ಲಂದ್ರ ಯಾವದೂ ಆಗಬಾರದು ಅನ್ನೋ ಕ್ವೆರಿಗಳ ಗುಂಪಿಗೆ) ಪೂಲ್ ಮ್ಯಾಲ ನೇರ ಬಿಗಿನ್ ಕಳಸಬ್ಯಾಡ್ರಿ, ಬಿಗಿನ್ ಒಂದು ಕನೆಕ್ಷನ್ನಿಗೆ ಹೋಗಿ ಕಮಿಟ್ ಇನ್ನೊಂದಕ್ಕ ಹೋಗಬಹುದು. ಕ್ಲೈಂಟ್ ಒಂದನ್ನ ತಗೊಂಡು ಅದರಾಗ ಎಲ್ಲಾ ಮಾಡ್ರಿ, ರಿಲೀಸ್ (ಕನೆಕ್ಷನ್ ತಿರುಗಿ ಕೊಡೋದು) ಮಾತ್ರ, ಎರರ್ ಬಂದ್ರೂ ಓಡೋ ಫೈನಲಿ ಒಳಗ ಇರ್ಲಿ. ಟ್ರೈ ಒಳಗಿಟ್ರ ಎರರ್ ಬಂದಾಗೆಲ್ಲಾ ಒಂದೊಂದ ಕನೆಕ್ಷನ್ ಕಳೀತೈತಿ. ಹತ್ತನೇ ಎರರಿಗೆ ಸರ್ವರ್ ಗಪ್. ಲಾಗ್‌ದಾಗ ಏನೂ ಬರೂದಿಲ್ಲ, ಸಿಪಿಯು ತಣ್ಣಗ ಕುಂತಿರತೈತಿ, ಯಾಕಂದ್ರ ಕನೆಕ್ಷನ್‌ಟೈಮ್‌ಔಟ್‌ಮಿಲಿಸ್ ಅನ್ನೋ ಸೆಟಿಂಗ್ ಮೊದಲಿಂದ 0, ಅಂದ್ರ ಸಿಗೂತನಕ ಕಾಯ್ಕೊಂತ ಕೂಡು ಅಂತ. ಅದನ್ನ 3000 ಮಾಡಿ ಇಡ್ರಿ, ಮೂರು ಸೆಕೆಂಡಿಗೆ ಎರರ್ ಚೀರತೈತಿ, ಎಲ್ಲೋ ಸೋರಾಕತ್ತೈತಿ ಅಂತ ಅವತ್ತ ಗೊತ್ತಾಗತೈತಿ.