ಮಡಿಚಿದ ಕಾಗದದಲ್ಲಿ ತೂತುಗಳೆಷ್ಟು?

ಐದನೆಯ ತರಗತಿಯಲ್ಲಿ ಓದುವ ಮಗನಿರುವ ಮನೆಯವರನ್ನು "ಊಟ ಆಯ್ತೇನ್ರಿ" ಎಂದು ಕೇಳುವ ಪದ್ಧತಿ ಕಲಬುರಗಿಯಲ್ಲಿ ನಿಂತೇಹೋದಂತಿದೆ. ಇಂದು ಬೆಳಿಗ್ಗೆ ಹಾಲಿನ ಪಾಕೀಟು ತರಲು ಹೊರಟಿದ್ದ ನನ್ನನ್ನು ಎದುರುಮನೆಯ ನಿವೃತ್ತ ಮಾಸ್ತರರು ಗೇಟಿನ ಬಳಿಯೇ ತಡೆದು, "ಏನವ್ವಾ ತಂಗಿ, ನವೋದಯದ್ದು ಎಲ್ಲಿಗಿ ಬಂತು?" ಎಂದು ವಿಚಾರಿಸಿದರು. ನವೋದಯದ್ದು ಎಲ್ಲಿಗೂ ಬಂದಿಲ್ಲ, ನನ್ನ ಜೀವ ಮಾತ್ರ ಬಾಯಿಗೆ ಬಂದಿದೆ ಎಂದು ಹೇಳಬೇಕೆನಿಸಿತು. ಆದರೆ ಅವರ ಮೊಮ್ಮಗಳು ಈಗಾಗಲೇ ಅಲ್ಲಿ ಓದುತ್ತಿರುವುದರಿಂದ ನಮ್ಮ ಓಣಿಯಲ್ಲಿ ಅವರ ಎದುರು ಮಾತನಾಡುವ ಹಕ್ಕು ಯಾರಿಗೂ ಉಳಿದಿಲ್ಲ.

ಜವಾಹರ ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯ ಬಗ್ಗೆ ನಿಮಗೆ ವಿವರಿಸುವ ಅಗತ್ಯವಿಲ್ಲ, ಏಕೆಂದರೆ ನಿಮ್ಮ ಮನೆಯಲ್ಲಿ ಅಲ್ಲದಿದ್ದರೆ ನಿಮ್ಮ ಅಕ್ಕನ ಮನೆಯಲ್ಲಾದರೂ ಒಂದು ಮಗು ಇದೇ ಹೊತ್ತಿಗೆ ಓಎಂಆರ್ ಹಾಳೆಯ ವೃತ್ತಗಳನ್ನು ಪೆನ್ನಿನಿಂದ ತುಂಬುವ ಅಭ್ಯಾಸ ಮಾಡುತ್ತಿರುತ್ತದೆ. 80 ಪ್ರಶ್ನೆ, 100 ಅಂಕ, 2 ಗಂಟೆ. ಒಂದು ವಿದ್ಯಾಲಯಕ್ಕೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ, ಹಾಗಾಗಿ ಪ್ರಶ್ನೆಗೊಂದು ಸೀಟು ಎಂದು ನನ್ನ ಮಗ ಲೆಕ್ಕ ಹಾಕಿಕೊಂಡು ನಿಶ್ಚಿಂತನಾಗಿದ್ದಾನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂಬುದು ಅವನ ನಿಶ್ಚಿಂತೆಗೆ ಇನ್ನೊಂದು ಕಾರಣ. ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು, ಎರಡನೆಯ ಅವಕಾಶವೇ ಇಲ್ಲ ಎಂಬ ನಿಯಮ ಮಾತ್ರ ನನ್ನ ನಿದ್ದೆಯನ್ನು ಕೆಡಿಸಿದೆ. ಹತ್ತು ವರ್ಷದ ಹುಡುಗನಿಗೆ ಹಲ್ಲು ಕೂಡ ಎರಡು ಸಲ ಹುಟ್ಟುತ್ತವಲ್ಲ!

ಯೋಜನೆಯ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿನಲ್ಲಿ ಹಳ್ಳಿಯ ಜಾಣ ಮಕ್ಕಳಿಗೆ ಊಟ, ವಸತಿ, ಸಮವಸ್ತ್ರ, ಪುಸ್ತಕಗಳನ್ನೆಲ್ಲ ಕೊಟ್ಟು ಓದಿಸಬೇಕೆಂದು ಹುಟ್ಟಿದ ಶಾಲೆಗಳಿವು. ಸೀಟುಗಳಲ್ಲಿ ಕನಿಷ್ಠ ಶೇಕಡ 75ರಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲು, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಗ್ರಾಮೀಣನೆನಿಸಿಕೊಳ್ಳಲು ಮಗು ಮೂರು, ನಾಲ್ಕು ಮತ್ತು ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ನಮ್ಮದು ಆಳಂದ ತಾಲ್ಲೂಕಿನ ಹಳ್ಳಿಯಾದರೂ ನನ್ನ ಗಂಡನ ನೌಕರಿಯ ನಿಮಿತ್ತ ನಾವು ಶಹರಕ್ಕೆ ಬಂದವರು. ಆದ್ದರಿಂದ ಈಗ ಪ್ರತಿ ಮದುವೆಯಲ್ಲೂ, ಪ್ರತಿ ಸೀಮಂತದಲ್ಲೂ "ಮೂರನೆತ್ತೆದಾಗೇ ಹಳ್ಳಿ ಸಾಲಿಗಿ ಹಾಕಬೇಕಿತ್ತಲ್ಲವ್ವಾ" ಎಂಬ ಬುದ್ಧಿವಾದವನ್ನು ನಾನು ಕೇಳಬೇಕಾಗಿದೆ. ಹೇಳುವವರೆಲ್ಲರೂ ಪುಣೆಯಲ್ಲೋ ಹೈದರಾಬಾದಿನಲ್ಲೋ ಮನೆ ಕಟ್ಟಿಸಿಕೊಂಡು, ಊರಿನ ಹೊಲವನ್ನು ಲಾವಣಿಗೆ ಕೊಟ್ಟವರು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಅರ್ಜಿಗೆ ಶುಲ್ಕವಿಲ್ಲ. ಶುಲ್ಕವಿಲ್ಲದ ಅರ್ಜಿಯನ್ನು ತುಂಬಲು ಆನ್‌ಲೈನ್ ಸೆಂಟರಿಗೆ, ಫೋಟೋದವನಿಗೆ ಮತ್ತು ಆಟೋದವನಿಗೆ ಕೊಟ್ಟ ಹಣದ ಲೆಕ್ಕವನ್ನು ನನ್ನ ಗಂಡನಿಗೆ ಹೇಳಿಲ್ಲ. ಮಗನ ಸಹಿಯನ್ನೂ ಅಪ್‌ಲೋಡ್ ಮಾಡಬೇಕೆಂದಾಗ ಅವನಿಗೆ ಸಹಿಯೇ ಇಲ್ಲವೆಂಬ ಸಂಗತಿ ನಮಗೆ ಹೊಳೆಯಿತು. ಹಳೆಯ ಹೊಲದ ಕಾಗದಗಳ ಮೇಲೆ ತಮ್ಮ ತಂದೆ ಉರ್ದುವಿನಲ್ಲಿ ಸಹಿ ಮಾಡುತ್ತಿದ್ದುದನ್ನು ನನ್ನ ಮಾವನವರು ಆಗ ನೆನೆದರು. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರಲ್ಲವೇ, ಅದರಲ್ಲಿ ಆಶ್ಚರ್ಯವೇನಿಲ್ಲ. ಮುತ್ತಜ್ಜನ ಆ ಸಹಿಯ ಬಳುಕನ್ನು ಮೆಚ್ಚಿಕೊಂಡ ಹುಡುಗ ತನ್ನ ಹೆಸರಿನ ಕೊನೆಗೆ ಅಂಥದೇ ಒಂದು ಬಾಲವನ್ನು ಎಳೆದ. ಆ ಬಾಲ ಚೌಕದ ಹೊರಗೆ ಹೋಯಿತೆಂದು ಸೆಂಟರಿನ ಹುಡುಗ ಅದನ್ನು ಕತ್ತರಿಸಿ ಹಾಕಿದ.

ಇದೆಲ್ಲವನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದಿದ್ದುದು ಮಾಸ್ತರರು ಸೂಪರ್ ಮಾರ್ಕೆಟ್ಟಿನಿಂದ ತಾವಾಗಿಯೇ ಕೊಂಡುತಂದ ಗೈಡು. ಪರೀಕ್ಷೆಯ ಅರ್ಧದಷ್ಟು, ಅಂದರೆ 40 ಪ್ರಶ್ನೆಗಳು, ಮಾನಸಿಕ ಸಾಮರ್ಥ್ಯಕ್ಕೆ ಸೇರಿದವು. ಕನ್ನಡಿಯ ಬಿಂಬ, ಗುಂಪಿಗೆ ಸೇರದ ಚಿತ್ರ, ಮಡಿಚಿ ತೂತು ಮಾಡಿದ ಕಾಗದವನ್ನು ಬಿಚ್ಚಿದಾಗ ಹೇಗೆ ಕಾಣುತ್ತದೆ ಎಂಬಂಥವು. ಚೌಕದ ಕಾಗದವನ್ನು ಒಮ್ಮೆ ಅರ್ಧಕ್ಕೆ, ಮತ್ತೊಮ್ಮೆ ಅರ್ಧಕ್ಕೆ ಮಡಿಚಿ, ಮಡಿಕೆಗಳೆಲ್ಲ ಕೂಡುವ ಮೂಲೆಯನ್ನು ಕತ್ತರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ನನ್ನ ಮಗ "ನಡುವೆ ಒಂದೇ ತೂತು" ಎಂದು ಬರೆದ. ಗೈಡಿನ ಕೊನೆಯ ಪುಟ "ನಾಲ್ಕು ಮೂಲೆಗೆ ನಾಲ್ಕು ತೂತು" ಎಂದಿತು. ಕಾಗದ ನಾಲ್ಕು ಪದರವಾಗಿದೆ, ಆದ್ದರಿಂದ ನಾಲ್ಕೇ ಸರಿ ಎಂದು ನನ್ನ ಗಂಡ ಪತ್ರಿಕೆಯಿಂದ ತಲೆಯೆತ್ತದೆ ತೀರ್ಪು ಕೊಟ್ಟರು. ಅಷ್ಟರಲ್ಲಿ ಒಳಗೆ ಬಂದ ಮಾಸ್ತರರು, "ಛಾಪಿಸಿದವರು ಶಾಣ್ಯಾರಿರ್ತಾರ ತಮ್ಮಾ" ಎಂದು ಹುಡುಗನ ಉತ್ತರದ ಮೇಲೆ ಕೆಂಪು ಗೆರೆಯನ್ನೇ ಎಳೆದರು. ಹುಡುಗನ ಕಣ್ಣು ತುಂಬಿ ಬಂತು.

ಹಂಚಿನ ಮುಂದೆ ಕುಳಿತಿದ್ದ ನನ್ನ ಅತ್ತೆಯವರಿಗೆ ಕಣ್ಣು ತುಂಬಿದ ಮೊಮ್ಮಗನನ್ನು ನೋಡಿದರೆ ಯಾವ ಗೈಡೂ ಲೆಕ್ಕಕ್ಕಿಲ್ಲ. ಆಗಷ್ಟೇ ಬೆಂದ ಮೆತ್ತನೆಯ ಜೋಳದ ರೊಟ್ಟಿಯನ್ನು ಎರಡು ಸಲ ಮಡಿಚಿ, ಚೂಪಾದ ತುದಿಯನ್ನು ಎಲ್ಲರೆದುರು ಕಚ್ಚಿ, ಅಗಿಯುತ್ತಲೇ ಬಿಚ್ಚಿ ಹಿಡಿದರು. ರೊಟ್ಟಿಯ ನಟ್ಟನಡುವೆ ಒಂದು ತೂತು. ಅದರಾಚೆ ಮಾಸ್ತರರ ಮುಖ. "ಯಾರ್ರಿ ನಾಕ್ ಅಂದವ್ರು?" ಎಂದು ಅತ್ತೆಯವರು ಆ ತೂತಿನ ಮೂಲಕವೇ ಕೇಳಿದರು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವರು ಅಷ್ಟಕ್ಕೆ ಸೋಲುವುದುಂಟೇ? "ರೊಟ್ಟಿ ದುಂಡಗ ಅದ್ರಿ, ಪ್ರಶ್ನಿ ಚೌಕಂದು" ಎಂದರು. ಅತ್ತೆಯವರು ಇನ್ನೊಂದು ರೊಟ್ಟಿಯನ್ನು ಈಳಿಗೆಯಿಂದ ನಾಲ್ಕೂ ಕಡೆ ಕೊಯ್ದು ಚೌಕ ಮಾಡಿ, ಮಡಿಚಿ, ಕಚ್ಚಿ, ಬಿಚ್ಚಿದರು. ಅದರಲ್ಲೂ ಒಂದೇ ತೂತು. ಕಚ್ಚಿದ್ದು ಹೆಚ್ಚಾಗಿ ನಾಲ್ಕೂ ಕೂಡಿ ಒಂದಾಗಿರಬಹುದೆಂದು ಮಾಸ್ತರರು ಶಂಕಿಸಿದ್ದರಿಂದ ಮೂರನೆಯ ರೊಟ್ಟಿಯನ್ನು ತುಸುವೇ ಕಚ್ಚಲಾಯಿತು. ಪುಂಡಿಪಲ್ಯ ಆರುತ್ತಿತ್ತು, ರಾತ್ರಿಯೂಟದ ರೊಟ್ಟಿಗಳು ಒಂದೊಂದಾಗಿ ಸಾಕ್ಷ್ಯಗಳಾಗುತ್ತಿದ್ದವು, ನನ್ನ ಗಂಡ ಈಗ ಪತ್ರಿಕೆಯನ್ನು ಕೆಳಗಿಟ್ಟು ಯಾರ ಪಕ್ಷ ಸೇರಬೇಕೆಂದು ತಿಳಿಯದೆ ಶೇಂಗಾ ಹಿಂಡಿಯ ಡಬ್ಬಿಯನ್ನು ತೆರೆದು ಮುಚ್ಚುತ್ತಿದ್ದರು. ಕೊನೆಗೆ ಮಾಸ್ತರರು ತಮ್ಮ ಅಂತಿಮ ವಾದವನ್ನು ಮಂಡಿಸಿದರು: "ಕಾಗದದಾಗ ಬ್ಯಾರೆ ಆಗ್ತದ್ರಿ." ಅತ್ತೆಯವರು ಕೈಗೆ ಸಿಕ್ಕ ಕಾಗದವನ್ನು ಮಡಿಚಿ, ನಾನು "ಅದಲ್ಲ" ಎನ್ನುವುದರೊಳಗೆ ಕತ್ತರಿ ಹಾಕಿಬಿಟ್ಟರು.

ಅದು ಈ ತಿಂಗಳ ಕರೆಂಟ್ ಬಿಲ್ಲು. ತೂತು ಒಂದೇ ಬಿತ್ತು, ಅದು ಸರಿಯಾಗಿ ಹಣದ ಮೊತ್ತವಿದ್ದ ಜಾಗದಲ್ಲೇ ಬಿತ್ತು. ನಿನ್ನೆ ಅದನ್ನು ಕಟ್ಟಲು ಹೋದಾಗ ಕೌಂಟರಿನವನು ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿ, "ಮೇಡಂ, ಇದರಾಗ ರೊಕ್ಕ ಎಲ್ಲಿ ಹೋಯ್ತ್ರಿ?" ಎಂದ. ಮಾನಸಿಕ ಸಾಮರ್ಥ್ಯದ ಪ್ರಶ್ನೆಗೆ ಉತ್ತರವಾಗಿ ಹೋಯಿತೆಂದು ಸರತಿಯಲ್ಲಿ ನಿಂತ ಅಷ್ಟು ಜನರ ಮುಂದೆ ಹೇಗೆ ವಿವರಿಸಲಿ? ಇಲಿ ಕಡಿಯಿತು ಎಂದೆ. ಇಷ್ಟು ದುಂಡಗೆ ಕಡಿಯುವ ಇಲಿಯನ್ನು ನೋಡಿಲ್ಲವೆಂದು ಅವನು ಮೆಚ್ಚುಗೆಯಿಂದ ನುಡಿದು, ಖಾತೆಯ ಸಂಖ್ಯೆ ನೋಡಿ ಹಣ ತೆಗೆದುಕೊಂಡ.

ಅಂದು ರಾತ್ರಿ ಮಾತ್ರ ಗೆದ್ದ ಹುಡುಗ ಚೌಕದ ರೊಟ್ಟಿಯನ್ನೇ ಬಡಿಸಿಕೊಂಡು, "ಆಯಿ, ಅಲ್ಲಿ ಹಾಸ್ಟೆಲ್ಲಿನಾಗ ರೊಟ್ಟಿ ಮಾಡ್ತಾರೇನು?" ಎಂದು ಕೇಳಿದ. ಯಾರೂ ಉತ್ತರಿಸಲಿಲ್ಲ. ಆರನೆಯ ತರಗತಿಯಿಂದಲೇ ವಸತಿ ಶಾಲೆ. ಮನೆಗೆ ಬರುವುದು ರಜೆಗಷ್ಟೆ. ಒಂಬತ್ತನೆಯ ತರಗತಿಯಲ್ಲಂತೂ ಮಕ್ಕಳಲ್ಲಿ ಶೇಕಡ 30ರಷ್ಟು ಜನರನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಈಗಲೂ ರಾತ್ರಿ ಅಜ್ಜಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳದೆ ಮಲಗದ ಹುಡುಗ ಅವನು. ಪಾತ್ರೆ ತೊಳೆಯುವಾಗ ಅತ್ತೆಯವರು ನನಗೊಬ್ಬಳಿಗೇ ಕೇಳಿಸುವಂತೆ, "ನಾಕ್ ತೂತು ಅಂತ ಹೇಳಿದ್ರೇ ಬೇಸಿತ್ತು ನೋಡು, ಪಾಸ್ ಆಗ್ತಿದ್ದಿಲ್ಲ" ಎಂದರು. ಆಮೇಲೆ ತಾವೇ ಗಾಬರಿಯಾಗಿ, ಶರಣಬಸವೇಶ್ವರರಿಗೆ ಅಲ್ಲಿಂದಲೇ ಕೈಮುಗಿದು ಮಾತನ್ನು ಹಿಂತೆಗೆದುಕೊಂಡರು.

ಮಾಸ್ತರರು ಸೋಲೊಪ್ಪಿಕೊಂಡಿದ್ದಾರೆಂದು ನಾನು ತಿಳಿದಿದ್ದೆ. ಇಂದು ಬೆಳಿಗ್ಗೆ ಗೇಟಿನ ಬಳಿ ನನ್ನನ್ನು ನಿಲ್ಲಿಸಿದ್ದು ಬರಿಯ ವಿಚಾರಣೆಗಲ್ಲ. ಹಳೆಯ ಗೈಡಿನಲ್ಲಿ ಮುದ್ರಣದೋಷವಿತ್ತೆಂದೂ, ಅದಕ್ಕಾಗಿ ಬೇರೊಂದು ಪ್ರಕಾಶನದ ಪರಿಷ್ಕೃತ ಆವೃತ್ತಿಯನ್ನು ತಂದಿರುವುದಾಗಿಯೂ ಹೇಳಿ ಪುಸ್ತಕವನ್ನು ನನ್ನ ಕೈಗಿಟ್ಟರು. ಹಾಲು ಕಾಯಲಿಟ್ಟು ಕೊನೆಯ ಪುಟವನ್ನು ತೆರೆದು ನೋಡಿದೆ. ಅದೇ ಪ್ರಶ್ನೆಗೆ ಇದರಲ್ಲಿ ಎರಡು ತೂತು ಎಂದಿದೆ. ಅತ್ತೆಯವರು ನನ್ನ ಹೆಗಲ ಮೇಲಿಂದ ಅದನ್ನು ಇಣುಕಿ ನೋಡಿ, ಮಾಸ್ತರರನ್ನು ರಾತ್ರಿ ಊಟಕ್ಕೆ ಕರೆಯಲು ಹೇಳಿ, ಹಿಟ್ಟಿನ ಡಬ್ಬಿಯಲ್ಲಿ ಎಷ್ಟಿದೆಯೆಂದು ನೋಡಲು ಹೋದರು.