ಗುರುವಾರ ಬಂದ ಸಂಶೋಧಕರು

ಇವತ್ತು ತಲೆ ಕೆಟ್ಟಿದೆ. ಬರೆಯದಿದ್ದರೆ ನಿದ್ದೆ ಬರಲ್ಲ.

ಬೆಳಿಗ್ಗೆ ಪಾಂಡವಪುರದ ಕಡೆ ಒಂದು ಆರೋಗ್ಯ ಉಪಕೇಂದ್ರಕ್ಕೆ ಹೋಗಿದ್ದೆ. ಅಂಗಳದ ತುಂಬ ಕೂಸು ಎತ್ತಿಕೊಂಡ ತಾಯಂದಿರು, ಒಳಗೆ ಸಿಸ್ಟರ್ ಒಬ್ಬರೇ. ಅಷ್ಟರಲ್ಲಿ ಕಾರಿನಿಂದ ಮೂವರು ಇಳಿದರು, ಕೈಯಲ್ಲಿ ಟ್ಯಾಬ್. ಮಕ್ಕಳಿಗೆ ಲಸಿಕೆ ಯಾಕೆ ತಪ್ಪುತ್ತಿದೆ ಅನ್ನೋದು ಅವರ ಸಂಶೋಧನೆ. ಸಿಸ್ಟರ್ ಹತ್ತಿರ ಮುಕ್ಕಾಲು ಗಂಟೆ ಮಾತಾಡಬೇಕಂತೆ!

"ಇವತ್ತು ಗುರ್ವಾರ ಕಣಮ್ಮ, ಲಸಿಕೆ ಹಾಕೋ ದಿನ" ಅಂದರು ಸಿಸ್ಟರ್. ಆ ಮೂವರಲ್ಲಿದ್ದ ಪಿಎಚ್‌ಡಿ ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಪಾಪ.

ಪಾಪ ಅಂತ ಸುಮ್ನೆ ಅಂದಿದ್ದಲ್ಲ. ಸಂಶೋಧನೆ ಕಲಿಸೋ ನಾವು ಸ್ಯಾಂಪಲ್ ಸೈಜ್, ಅಂದರೆ ಎಷ್ಟು ಜನರನ್ನು ಕೇಳಬೇಕು ಅನ್ನೋ ಲೆಕ್ಕ ಹಾಕೋದನ್ನು ತಿಂಗಳುಗಟ್ಟಲೆ ಕಲಿಸುತ್ತೇವೆ. ಗುರುವಾರ ಉಪಕೇಂದ್ರದಲ್ಲಿ ಏನು ನಡೆಯುತ್ತೆ, ಆಶಾ ಕಾರ್ಯಕರ್ತೆಯ ಪ್ರೋತ್ಸಾಹಧನ ತಾಯಿ-ಮಕ್ಕಳ ಆರೋಗ್ಯದ ಲೆಕ್ಕ ಇಡೋ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಹೇಗೆ ಸಿಕ್ಕಿಕೊಳ್ಳುತ್ತೆ, ತಾಲ್ಲೂಕು ಆರೋಗ್ಯಾಧಿಕಾರಿ (ಟಿಎಚ್‌ಓ) ಕೈಯಲ್ಲಿ ಏನಿದೆ, ಯಾವ ಕಡತ ಬೆಂಗಳೂರಿಗೇ ಹೋಗಬೇಕು, ಇದನ್ನು ಕಲಿಸೋರು ಯಾರು?

ನಾನೂ ಏನು ಸಾಚಾ ಅಲ್ಲ. ನನ್ನ ಮೊದಲ ಸಂಶೋಧನಾ ವರದಿಯ ಫೋಟೋ ಇಲ್ಲೇ ಹಾಕಿ ಮೆರೆದಿದ್ದೆ. 120 ಪುಟ. ಆರೋಗ್ಯ ಇಲಾಖೆಯ ಅಧಿಕಾರಿಗೆ ಕೊಟ್ಟಿದ್ದು ಮೇ ತಿಂಗಳಲ್ಲಿ. ಆ ವರ್ಷದ ಯೋಜನೆ, ದುಡ್ಡು ಎಲ್ಲ ಏಪ್ರಿಲ್‌ಗೆ ಮೊದಲೇ ತೀರ್ಮಾನವಾಗಿತ್ತು. ಕೊನೆಯಲ್ಲಿ "ಸಿಬ್ಬಂದಿ ಹೆಚ್ಚಿಸಬೇಕು" ಅಂತ ಬರೆದಿದ್ದೆ. ಅವರು ನಕ್ಕು, "ಹುದ್ದೆ ಮಂಜೂರು ಮಾಡೋನು ನಾನಲ್ಲ ಸಾರ್. ನನ್ನ ಕೈಲಾಗೋದು ಒಂದು ಹೇಳಿ" ಅಂದರು. ನನ್ನ ಹತ್ತಿರ ಒಂದೂ ಇರಲಿಲ್ಲ. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಬರುತ್ತೆ, ಅದರ ಖರ್ಚು ಊರವರೇ ತೀರ್ಮಾನಿಸಬಹುದು ಅನ್ನೋದೂ ನನಗೆ ಆಮೇಲೆ ಗೊತ್ತಾಯಿತು. ಹೇಳಿದ್ದು ಒಬ್ಬ ಆಶಾ ಅಕ್ಕ.

ಅದಕ್ಕೇ ಸಂಶೋಧಕರನ್ನು ಮೊದಲು ಇಲಾಖೆಯೊಳಗೇ ಕೂರಿಸಿ ಕಲಿಸಬೇಕು ಅಂತೀನಿ ನಾನು. "ಇಲಾಖೆಯೊಳಗೆ ಕೂತರೆ ಸಂಶೋಧಕ ಇಲಾಖೆಯ ಬಾಲ ಆಗ್ತಾನೆ" ಅಂತಾರೆ ಮೈಸೂರಿನ ಕಾಳಿದಾಸ ರಸ್ತೆಯಲ್ಲಿ ಕಾಫಿ ಕುಡಿಯೋ ನನ್ನ ಗೆಳೆಯರು. ಆಗಬಹುದಪ್ಪ. ಈಗ ದುಡ್ಡು ಕೊಟ್ಟವರ ಬಾಲ ಆಗಿಲ್ವಾ? ಬೈಯೋಕಾದರೂ ಯಾವ ಟೇಬಲ್‌ಗೆ ಬೈಯಬೇಕು ಅಂತ ಗೊತ್ತಿರಬೇಕಲ್ಲ. ಥೀಸಿಸ್‌ಗೆ ಮೊದಲು ಆರು ತಿಂಗಳು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ) ಕಚೇರಿಯಲ್ಲಿ ಕುರ್ಚಿ ಹಾಕಿ ಕೂರಿಸಿ. ತಿಂಗಳ ಸಭೆಯ ನಡಾವಳಿ ಬರೆಯಲಿ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಆರೋಗ್ಯ ನೀತಿ ಸಂಶೋಧನೆಗೆ ಅಂತಲೇ 1999ರಿಂದ ಒಂದು ಅಲಯನ್ಸ್ (ಒಕ್ಕೂಟ) ಇದೆ. ವ್ಯವಸ್ಥೆಯ ಒಳಗೆ ನಿಂತು ಸಂಶೋಧನೆ ಮಾಡಿ ಅಂತ ಅವರೂ ಹೇಳುತ್ತಿದ್ದಾರೆ. ನಮ್ಮ ಸಿಲಬಸ್ ಕಿವಿಗೆ ಮಾತ್ರ ಬಿದ್ದಿಲ್ಲ.

ಆ ಹುಡುಗಿ ಮಾತ್ರ ಜಾಣೆ. ಟ್ಯಾಬ್ ಬ್ಯಾಗಿಗೆ ಹಾಕಿ, ಮಧ್ಯಾಹ್ನದವರೆಗೂ ತಾಯಿ-ಮಗುವಿನ ಆರೋಗ್ಯದ ವಿವರ ಬರೆದಿಡೋ ತಾಯಿ ಕಾರ್ಡ್ ಜೋಡಿಸಿಕೊಟ್ಟಳು. ಊಟದ ಹೊತ್ತಿಗೆ ಸಿಸ್ಟರ್ ತಾವೇ ಮಾತು ತೆಗೆದರು. ಕಬ್ಬು ಕಡಿಯೋಕೆ ಬಂದವರು ಗದ್ದೆಯಿಂದ ಗದ್ದೆಗೆ ಹೋಗುತ್ತಲೇ ಇರುತ್ತಾರೆ, ಅವರ ಮಕ್ಕಳೇ ಲೆಕ್ಕಕ್ಕೆ ಸಿಗಲ್ಲ ಅಂದರು. ಟ್ಯಾಬ್‌ನಲ್ಲಿ ಆ ಪ್ರಶ್ನೆಯೇ ಇರಲಿಲ್ಲ.