ಗಾಳಿ ಕುಡಿದ ಟ್ರಕ್ಕು

ಮಿಶಿಗನ್‌ನಲ್ಲಿ ಟ್ರಕ್ಕು ತಗೊಂಡೆ ಅಂದಾಗ ದಾವಣಗೆರೆಯಿಂದ ಅಮ್ಮ, "ಇಂಜಿನಿಯರಿಂಗ್ ಓದಿ ಲಾರಿ ಹೊಡಿತೀಯೇನೋ?" ಅಂದಿದ್ದಳು. ಲಾರಿಯಲ್ಲ, ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್ಪು. ಹದಿನೆಂಟು ವರ್ಷದ ಹಳೇ ಗಾಡಿ. ಹೋದ ಜನವರಿಯ ಚಳಿಯಲ್ಲಿ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ನಾಯಿಮರಿಯ ಹಾಗೆ ಕುಂಯ್‌ಗುಡಲು ಶುರುಮಾಡಿತು.

ಗ್ಯಾರೇಜಿನವರು ನೋಡಿ ಪವರ್ ಸ್ಟೇರಿಂಗ್ ಪಂಪು (ಎಣ್ಣೆಯ ಒತ್ತಡದಿಂದ ಸ್ಟೇರಿಂಗ್ ಹಗುರ ಮಾಡುವುದು) ಹೋಗಿದೆ ಅಂದರು. 750 ಡಾಲರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ, ಗಂಟೆಗೆ 150. ನೋಡಿ ಹೇಳಿದ್ದಕ್ಕೆ ಬೇರೆ ಬಿಲ್ಲು! ನಾನೇ ಮಾಡಿಕೊಳ್ಳುತ್ತೇನೆ ಎಂದು ಬಿಡಿಭಾಗದ ಅಂಗಡಿಗೆ ಹೋದೆ. ಪಂಪಿನ ಪುಲ್ಲಿ, ಅಂದರೆ ಬೆಲ್ಟ್ ಓಡುವ ಗಾಲಿ, ಕೀಳುವ ಸಾಧನವನ್ನು ಅವರೇ ಎರವಲು ಕೊಡುತ್ತಾರೆ. ಠೇವಣಿ ಇಡಬೇಕು, ವಾಪಸ್ ಮಾಡಿದ ದಿನ ಪೂರ್ತಿ ದುಡ್ಡು ಹಿಂದಕ್ಕೆ. ಇದನ್ನು ಮಾತ್ರ ನಮ್ಮ ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳೂ ಕಲಿಯಬಹುದು.

ಬಿಚ್ಚುವ ಮುಂಚೆ ಯಾಕೋ ಅನುಮಾನ ಬಂತು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅಪ್ಪನ ಕಾರು ನೋಡುತ್ತಿದ್ದ ಮೇಸ್ತ್ರಿಗೆ ಆ ಸದ್ದನ್ನು ವಾಟ್ಸಾಪ್ ಮಾಡಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ರೋಗ ಹೇಳುತ್ತಿದ್ದ ಮನುಷ್ಯ. ಎರಡು ನಿಮಿಷಕ್ಕೆ ಫೋನ್ ಬಂತು. "ತಮ್ಮಾ, ಪಂಪು ಮುಟ್ಟಬ್ಯಾಡ. ಎಣ್ಣಿ ಜೊತಿಗೆ ಗಾಳಿ ಎಳಕಂತೈತಿ. ಡಬ್ಬಿ ಮುಚ್ಚಳ ತಗದು ನೋಡು, ನೊರಿ ಇರ್ತೈತಿ."

ಎಣ್ಣೆ ಡಬ್ಬಿಯ ಮುಚ್ಚಳ ತೆಗೆದರೆ ಮೀಟರ್ ಕಾಫಿಯ ಹಾಗೆ ನೊರೆ. ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ಚಳಿಗೆ ಗಟ್ಟಿಯಾಗಿ, ಕ್ಲಾಂಪಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಪಂಪು ಹೀರುವ ಕಡೆಯ ಪೈಪಾದ್ದರಿಂದ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಅದಕ್ಕೇ ಕೆಳಗೆ ಒಂದು ಹನಿ ಕಲೆಯೂ ಇರಲಿಲ್ಲ. ಪೈಪು, ಕ್ಲಾಂಪು ಸೇರಿ ಹದಿನಾಲ್ಕು ಡಾಲರ್.

ಪೈಪು ಬದಲಿಸಿದ್ದು ಅರ್ಧ ಗಂಟೆ. ತುಕ್ಕು ಹಿಡಿದ ಕ್ಲಾಂಪು ಬಿಡಿಸಿದ್ದು ಒಂದೂವರೆ ಗಂಟೆ. ಇಲ್ಲಿ ಹಿಮಕ್ಕೆ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ, ಗಾಡಿಯ ಹೊಟ್ಟೆಯ ಒಂದು ನಟ್ಟೂ ಸಲೀಸಾಗಿ ಬರುವುದಿಲ್ಲ. ಆಮೇಲೆ ಗಾಳಿ ತೆಗೆಯುವ ಕೆಲಸ. ಮುಂದಿನ ಚಕ್ರ ಜಾಕಿಯಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು (ಬರೀ ಜಾಕಿ ನಂಬಿ ಗಾಡಿಯ ಕೆಳಗೆ ತೂರಬೇಡಿ), ಇಂಜಿನ್ ಆಫ್ ಇದ್ದಾಗಲೇ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಇಪ್ಪತ್ತು ಸಲ ತಿರುಗಿಸಿದೆ. ಗುಳ್ಳೆ ಎದ್ದ ಹಾಗೆಲ್ಲ ಎಣ್ಣೆ ತುಂಬಿದೆ. ಎಣ್ಣೆ ಮಾತ್ರ ಆ ಗಾಡಿಗೆ ಹೇಳಿದ್ದೇ ಆಗಬೇಕು. ಗುಳ್ಳೆ ನಿಂತ ಮೇಲೇ ಸ್ಟಾರ್ಟ್. ಆಗಲೂ ಸ್ಟೇರಿಂಗನ್ನು ಒಂದು ಕೊನೆಯವರೆಗೆ ತಿರುಗಿಸಿ ಹಾಗೇ ಒತ್ತಿ ಹಿಡಿದರೆ ಪಂಪು ಕಾದು ಹಾಳಾಗುತ್ತದೆ.

1926ರಲ್ಲೇ ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಇಂಜಿನಿಯರ್ ಪವರ್ ಸ್ಟೇರಿಂಗ್ ಮಾಡಿ ತೋರಿಸಿದ್ದ. ಅವನು ಮೊದಲು ಇದ್ದದ್ದು ಪಿಯರ್ಸ್ ಆ್ಯರೋ ಕಂಪನಿಯ ಟ್ರಕ್ಕಿನ ವಿಭಾಗದಲ್ಲಿ. ನನ್ನ ಮನೆಯ ಹತ್ತಿರದ ಡೆಟ್ರಾಯಿಟ್‌ನ ಕ್ರೈಸ್ಲರ್ ಅದನ್ನು ಕಾರಿಗೆ ಹಾಕಿ ಮಾರಿದ್ದು 1951ರಲ್ಲಿ. ಆದರೂ ನಾನು ಚಿಕ್ಕವನಿದ್ದಾಗ ಕಂಡ ಲಾರಿ ಡ್ರೈವರುಗಳು ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಹಾಕಿ ಸ್ಟೇರಿಂಗ್ ತಿರುಗಿಸುತ್ತಿದ್ದರು.

ಇಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ "ಈ ಅಮೆರಿಕದವರು ನೋಡಿ, ತಮ್ಮ ಕೆಲಸ ತಾವೇ ಮಾಡ್ಕೋತಾರೆ, ನಮ್ಮವರು ಸೋಮಾರಿಗಳು" ಎಂಬ ಮಾತು ಬಂದೇ ಬರುತ್ತದೆ. ನನಗೆ ಒಪ್ಪಿಗೆಯಿಲ್ಲ. ಕೂಲಿ ಗಂಟೆಗೆ 150 ಡಾಲರ್ ಆದರೆ ದಾವಣಗೆರೆಯವರೂ ಪಾನಾ ಹಿಡಿಯುತ್ತಾರೆ. ಗ್ಯಾರೇಜಿರುವ ಮನೆ ಬೇರೆ ಇದೆ ಇವರಿಗೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬಾನೆಟ್ ಎತ್ತಿ ನೋಡಿ, ವಾಚ್‌ಮನ್ ಬಂದು ನಿಲ್ಲುತ್ತಾನೆ. ಹೈವೇ ಬದಿಯಲ್ಲಿ ಟೈರಿಗೆ ರಾಡಿನಿಂದ ಬಡಿದು ಗಾಳಿ ಅಂದಾಜು ಮಾಡುವ ನಮ್ಮ ಕ್ಲೀನರ್ ಹುಡುಗ ಮಾಡುವುದೂ ಸ್ವಂತ ರಿಪೇರಿಯೇ. ಅವನು ಈ ಲೆಕ್ಕಕ್ಕೇ ಬರುವುದಿಲ್ಲ.

ನನ್ನ ತಕರಾರು ಬೇರೆ. ಇಲ್ಲಿ ರೋಗ ಹೇಳುವುದಕ್ಕೂ ದುಡ್ಡುಂಟು, ಹೇಳಿದ್ದು ತಪ್ಪಾದರೂ ಉಂಟು. ನಮ್ಮಲ್ಲಿ ಸರಿಯಾಗಿ ಹೇಳಿದರೂ ಬಿಡಿಗಾಸಿಲ್ಲ. ಏನಾದರೂ ಬಿಚ್ಚಿ ಬದಲಿಸಿದರೇ ಮೇಸ್ತ್ರಿಗೆ ಸಂಪಾದನೆ. ಹಾಗಿದ್ದೂ ಬಿಚ್ಚಬೇಡ ಅಂದವನು ಅವನೇ. ದುಡ್ಡು ಕಳಿಸುತ್ತೇನೆ ಅಂದರೆ "ಕಿವಿಗೊಟ್ಟಿದ್ದಕ್ಕೆಲ್ಲ ರೊಕ್ಕ ಏನ್ ತಮ್ಮಾ" ಎಂದು ನಕ್ಕ. ಅಪ್ಪನ ಕೈಲಿ ಸಾವಿರ ರೂಪಾಯಿ ಕೊಡಿಸಿದೆ, ಬೈದುಕೊಂಡೇ ತಗೊಂಡನಂತೆ.

ಪುಲ್ಲಿ ಕೀಳುವ ಸಾಧನವನ್ನು ಪೆಟ್ಟಿಗೆ ಸಮೇತ ವಾಪಸ್ ಕೊಟ್ಟು ಬಂದೆ. ಸದ್ದು ನಿಂತಿದ್ದನ್ನು ಕೇಳಲಿ ಎಂದು ಮೇಸ್ತ್ರಿಗೆ ಇನ್ನೊಂದು ರೆಕಾರ್ಡಿಂಗ್ ಕಳಿಸಿದೆ. ಅವನ ಉತ್ತರ: "ಅದು ಸರಿ ಹೋತು. ಬೆಲ್ಟ್ ಹಾಕಿಸಿ ಎಷ್ಟು ವರ್ಷ ಆತು?"